ಮಲಪ್ರಭೆಯ ದಂಡೆಗುಂಟ ಕಾರಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿಗಾಲ ಹತ್ತಿರ ಬಂದಂತೆ ಈ ಪ್ರಶ್ನೆಗಳು ಶುರುವಾಗುತ್ತವೆ. ಕೆಲವು ಮದುವೆ ಮನೆಗಳಲ್ಲಿ ಕೇಳಿದವು, ಕೆಲವು ಪತ್ರದಲ್ಲಿ ಬಂದವು, ಕೆಲವನ್ನು ಅರ್ಧ ದಾರಿಯಲ್ಲಿ ನಿಂತು ಮೊಬೈಲಿನಿಂದಲೇ ಕೇಳಿದ್ದಾರೆ. ಕೇಳಿದವರ ಮಾತನ್ನು ಹೆಚ್ಚು ತಿದ್ದದೆ ಹಾಗೆಯೇ ಇಟ್ಟಿದ್ದೇನೆ.

## ಹೊರಡುವ ಮುನ್ನ

ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಬೇಕು ಎಂದರೆ ನೀವು ಮಲಪ್ರಭೆ ಎನ್ನುತ್ತೀರಿ. ನದಿಗೂ ಇದಕ್ಕೂ ಏನು ಸಂಬಂಧ?

ಮೂರೂ ಊರುಗಳು ಇರುವುದು ಒಂದೇ ನದಿಯ ಕಣಿವೆಯಲ್ಲಿ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿ.ಮೀ. ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾದಾಮಿಯ ಸುತ್ತಮುತ್ತ ಅದು ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಹಾದುಹೋಗುತ್ತದೆ. ಕೊರೆಯಲು ಒದಗುವ ಕಲ್ಲು, ಬೇಸಾಯಕ್ಕೆ ಎರೆ ಭೂಮಿ, ಕೋಟೆಗೆ ಕಡಿದಾದ ಬೆಟ್ಟ, ಬೇಸಿಗೆಗೂ ನೀರು ಎಲ್ಲವೂ ಒಂದೇ ಕಡೆ ಸಿಕ್ಕಿದ್ದರಿಂದ ಚಾಲುಕ್ಯರು ಇಲ್ಲಿ ನೆಲೆಯೂರಿದರು. ಪ್ರವಾಸಿಗರು ಮೂರು ಊರುಗಳ ಹೆಸರನ್ನು ಪಟ್ಟಿ ಮಾಡಿಕೊಂಡು ಬಂದು, ಒಂದೊಂದಕ್ಕೂ ಗುರುತು ಹಾಕಿ ಹೋಗುತ್ತಾರೆ. ಹೊಳೆಯನ್ನು ದಾರಿ ಮಾಡಿಕೊಂಡರೆ ಬಾದಾಮಿ ಬಳಿಯ ಮಹಾಕೂಟದ ಗುಡಿಗಳು, ಐಹೊಳೆ ಬಳಿಯ ಸಿದ್ಧನಕೊಳ್ಳ, ಕೊನೆಯ ಸಂಗಮ ಇವೂ ಸೇರಿಕೊಂಡು ಕತೆ ಪೂರ್ತಿಯಾಗುತ್ತದೆ. ಮುಂದಿನ ಉತ್ತರಗಳನ್ನೆಲ್ಲ ಇದೇ ಲೆಕ್ಕದಲ್ಲಿ ಬರೆದಿದ್ದೇನೆ.

ಒಂದೇ ದಿನದಲ್ಲಿ ಮೂರೂ ಮುಗಿಸಬಹುದು ಎನ್ನುತ್ತಾರಲ್ಲ?

ಮುಗಿಸಬಹುದು. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿ.ಮೀ., ಅಲ್ಲಿಂದ ಐಹೊಳೆಗೆ ಸುಮಾರು 14. ಆದರೆ ಸಂಜೆಯ ಹೊತ್ತಿಗೆ ಯಾವ ಗುಡಿ ಯಾವ ಊರಿನದು ಎಂಬುದು ನಿಮ್ಮ ಮೊಬೈಲಿಗೆ ಮಾತ್ರ ಗೊತ್ತಿರುತ್ತದೆ. ನನ್ನ ಲೆಕ್ಕ ಮೂರು ಹಗಲು, ಎರಡು ರಾತ್ರಿ. ಬಾದಾಮಿಗೆ ಒಂದು ದಿನ, ಐಹೊಳೆ ಮತ್ತು ಸಿದ್ಧನಕೊಳ್ಳಕ್ಕೆ ಒಂದು ದಿನ, ಪಟ್ಟದಕಲ್ಲು ಮತ್ತು ಮಹಾಕೂಟಕ್ಕೆ ಒಂದು ದಿನ. ಕೂಡಲಸಂಗಮವೂ ಬೇಕೆಂದರೆ ಇನ್ನರ್ಧ ದಿನ ಸೇರಿಸಿಕೊಳ್ಳಿ. ಎರಡೇ ದಿನ ಇದ್ದರೆ ಯಾವುದಾದರೂ ಒಂದು ಊರನ್ನು ಬಿಟ್ಟುಬಿಡಿ, ಎಲ್ಲವನ್ನೂ ಅರ್ಧರ್ಧ ನೋಡಬೇಡಿ.

ಯಾವ ತಿಂಗಳಲ್ಲಿ ಬರಬೇಕು?

ನವೆಂಬರ್‌ನಿಂದ ಫೆಬ್ರವರಿ. ಆ ಹೊತ್ತಿಗೆ ಹೊಲಗಳಲ್ಲಿ ಹಿಂಗಾರಿನ ಬಿಳಿಜೋಳ ಆಳೆತ್ತರ ನಿಂತಿರುತ್ತದೆ. ಕಡಲೆ, ಕುಸುಬೆ, ಸೂರ್ಯಕಾಂತಿಯೂ ಇರುತ್ತವೆ. ಜೋಳ ಹಾಲುಗಟ್ಟುವ ಕಾಲಕ್ಕೆ ಬಂದರೆ ಯಾರದಾದರೂ ಹೊಲದಲ್ಲಿ ಸೀತನಿ, ಅಂದರೆ ಎಳೆ ಜೋಳದ ತೆನೆ, ಸುಡುತ್ತಿರುತ್ತಾರೆ. ಕರೆದರೆ ಸಂಕೋಚ ಪಡಬೇಡಿ, ಹೋಗಿ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕಲ್ಲಿನ ಮೇಲೆ ಬರಿಗಾಲು ಇಡಲು ಆಗುವುದಿಲ್ಲ.

ಮಳೆಗಾಲಕ್ಕೆ ಅದರದೇ ಚೆಲುವು ಇದೆ. ಬಾದಾಮಿಯಲ್ಲಿ ಜೋರಾಗಿ ಒಂದು ಮಳೆ ಬಿದ್ದರೆ ಅಗಸ್ತ್ಯತೀರ್ಥ ಎಂಬ ಕೆರೆಯ ಮೇಲಿನ ಬಂಡೆಗಳಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಅದೂ ನಿಲ್ಲುತ್ತದೆ, ಅದನ್ನು ನಂಬಿ ಯೋಜನೆ ಹಾಕಲಾಗದು.

ಇನ್ನೊಂದು ಮಾತು. ಬನದ ಹುಣ್ಣಿಮೆಯ ಹೊತ್ತಿಗೆ, ಅಂದರೆ ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ. ಬಾದಾಮಿಯಲ್ಲಿ ಕೋಣೆ ಸಿಗುವುದಿಲ್ಲ, ರಸ್ತೆಯಲ್ಲಿ ಕಾರು ಜರುಗುವುದಿಲ್ಲ. ಶಾಂತವಾಗಿ ಗುಡಿ ನೋಡಬೇಕೆನ್ನುವವರು ಆ ದಿನಗಳನ್ನು ತಪ್ಪಿಸಿ. ಜನಜಂಗುಳಿ ಇಷ್ಟಪಡುವವರು ಬೇಕೆಂದೇ ಆಗ ಬನ್ನಿ: ವೃತ್ತಿ ನಾಟಕ ಕಂಪನಿಗಳು ಅಲ್ಲಿ ವಾರಗಟ್ಟಲೆ ಡೇರೆ ಹಾಕಿರುತ್ತವೆ, ರಾತ್ರಿಯಿಡೀ ಆಟ ನಡೆಯುತ್ತದೆ.

ಬೆಂಗಳೂರಿನಿಂದ ಯಾವ ದಾರಿ ಹಿಡಿಯಲಿ?

ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿಯ ಮೇಲೆ ಬಂದು, ಕುಷ್ಟಗಿಯಲ್ಲಿ ಹೆದ್ದಾರಿ ಬಿಟ್ಟು ಗಜೇಂದ್ರಗಡದ ಮೂಲಕ ಬಾದಾಮಿ ಸೇರುವುದು ಒಂದು ದಾರಿ. ಸುಮಾರು 450 ಕಿ.ಮೀ. ಹುಬ್ಬಳ್ಳಿಯವರೆಗೆ ಹೆದ್ದಾರಿಯಲ್ಲಿ ಬಂದು ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ಮೂಲಕ ಬರುವುದು ಇನ್ನೊಂದು. ಇದು ಉದ್ದದ ದಾರಿ, ಆದರೆ ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ ಮರುದಿನ ಆರಾಮವಾಗಿ ಬರಬಹುದು. ನರಗುಂದದ ಗುಡ್ಡ ದಾಟಿದ ಮೇಲೆ ಕೊಣ್ಣೂರಿನ ಹತ್ತಿರ ಹೊಳೆ ಮೊದಲ ಸಲ ಎದುರಾಗುತ್ತದೆ.

ನನಗೆ ಇಷ್ಟವಾದದ್ದು ಮೂರನೆಯದು. ಕುಷ್ಟಗಿಯಲ್ಲಿ ತಿರುಗದೆ ಇಳಕಲ್, ಹುನಗುಂದಕ್ಕೆ ಹೋಗಿ, ಅಮೀನಗಡದ ಮೇಲೆ ಐಹೊಳೆಯ ಕಡೆಯಿಂದ ಬಾದಾಮಿಗೆ ಬರುವುದು. ಇಳಕಲ್ಲಿನಲ್ಲಿ ಸೀರೆ, ಅಮೀನಗಡದಲ್ಲಿ ಕರದಂಟು ದಾರಿಯಲ್ಲೇ ಸಿಗುತ್ತವೆ. ಮನೆಯವರು ಗುಡಿ ನೋಡಲು ಬೇಸರ ಪಡುವವರಾದರೆ ಈ ದಾರಿಯ ಬೆಲೆ ಇನ್ನೂ ಹೆಚ್ಚು.

## ದಾರಿಯಲ್ಲಿ

ದಿನಕ್ಕೊಂದು ಊರಿನಲ್ಲಿ ಉಳಿಯಬೇಕೇ?

ಬೇಡ. ಬಾದಾಮಿಯಲ್ಲೇ ಬಿಡಾರ ಹೂಡಿ, ದಿನವೂ ಹೋಗಿ ಬನ್ನಿ. ಪಟ್ಟದಕಲ್ಲು, ಐಹೊಳೆಗಳಲ್ಲಿ ವಸತಿ ಕಡಿಮೆ. ಕೂಡಲಸಂಗಮವನ್ನು ಕೊನೆಗೆ ಇಟ್ಟುಕೊಂಡರೆ ಅಲ್ಲಿಂದಲೇ ಹೆದ್ದಾರಿ ಹಿಡಿದು ಊರಿಗೆ ಮರಳಬಹುದು.

ರಸ್ತೆ ಹೇಗಿದೆ? ಚಿಕ್ಕ ಕಾರು ಸಾಕೇ?

ಚಿಕ್ಕ ಕಾರೇ ಒಳ್ಳೆಯದು. ಊರೊಳಗಿನ ರಸ್ತೆಗಳು ಇಕ್ಕಟ್ಟು. ಮುಖ್ಯ ರಸ್ತೆಗಳೆಲ್ಲ ಡಾಂಬರು ಕಂಡಿವೆ, ಅಲ್ಲಲ್ಲಿ ಕುಳಿಗಳಿವೆ. ಎಚ್ಚರಿಕೆ ಬೇಕಾದದ್ದು ಬೇರೆ ಮೂರು ಸಂಗತಿಗಳಲ್ಲಿ.

ಮೊದಲನೆಯದು ಎರೆ ಮಣ್ಣು. ಎದುರಿನ ಬಸ್ಸಿಗೆ ದಾರಿ ಕೊಡಲು ಡಾಂಬರು ಬಿಟ್ಟು ಪಕ್ಕಕ್ಕೆ ಇಳಿಸುತ್ತೀರಿ. ಒಣಗಿದ್ದಾಗ ಅದು ಕಲ್ಲಿನಂತೆ ಗಟ್ಟಿ. ಹಿಂದಿನ ರಾತ್ರಿ ಮಳೆಯಾಗಿದ್ದರೆ ಚಕ್ರ ಗೇಣುದ್ದ ಹೂತು, ತಿರುಗಿಸಿದಷ್ಟೂ ಕೆಳಗಿಳಿಯುತ್ತದೆ. ಆಮೇಲೆ ಟ್ರ್ಯಾಕ್ಟರ್ ಬರುವವರೆಗೆ ಕಾಯಬೇಕು.

ಎರಡನೆಯದು ರಾಶಿ. ಸುಗ್ಗಿಯ ಕಾಲದಲ್ಲಿ ರೈತರು ತೊಗರಿ, ಕಡಲೆ, ಹುರುಳಿಯ ಬೆಳೆಯನ್ನು ಬುಡಸಮೇತ ತಂದು ರಸ್ತೆಯ ಮೇಲೆ ಹರಡುತ್ತಾರೆ. ಓಡಾಡುವ ವಾಹನಗಳೇ ಒಕ್ಕುತ್ತವೆ. ಕಣ ಮಾಡುವ ಖರ್ಚು ಉಳಿಯಿತು ಎಂಬ ಲೆಕ್ಕ. ಲಾರಿಗೆ ಇದು ಏನೂ ಅಲ್ಲ. ಕಾರಿನ ಹೊಟ್ಟೆ ತಗ್ಗು. ಒಮ್ಮೆ ನಾನು ನಾಲ್ಕು ಕಡೆ ಇಂಥ ರಾಶಿಯ ಮೇಲೆ ಹಾಯಿಸಿ ಮುಂದೆ ಹೋದಾಗ ಸುಟ್ಟ ವಾಸನೆ ಬಂತು. ಇಳಿದು ಬಗ್ಗಿ ನೋಡಿದರೆ ಅಡ್ಡ ದಂಡಕ್ಕೆ ಹುರುಳಿ ಬಳ್ಳಿ ಹಗ್ಗದಂತೆ ಸುತ್ತಿಕೊಂಡು ಬಿಸಿ ಕೊಳವೆಗೆ ತಾಗುತ್ತಿತ್ತು. ಹತ್ತಿರದ ಹೊಲದ ಅಜ್ಜಿಯೊಬ್ಬರು ತಮ್ಮ ಕುಡುಗೋಲು ಕೊಟ್ಟು, ನಾನು ಮಲಗಿಕೊಂಡು ಕೊಯ್ಯುವುದನ್ನು ನೋಡುತ್ತ ಕುಳಿತರು. ಬಳ್ಳಿಯನ್ನು ಎಸೆಯಬೇಡ, ಅದರಲ್ಲಿ ಇನ್ನೂ ಕಾಳಿದೆ ಎಂದು ಹೇಳಿ ಅದನ್ನೂ ಎತ್ತಿಕೊಂಡು ಹೋದರು. ಅಂದಿನಿಂದ ರಾಶಿ ಕಂಡರೆ ನಿಧಾನ ಮಾಡುತ್ತೇನೆ, ಪಕ್ಕದಲ್ಲಿ ಜಾಗವಿದ್ದರೆ ಸುತ್ತಿ ಹೋಗುತ್ತೇನೆ, ದಾಟಿದ ಮೇಲೆ ಒಮ್ಮೆ ಇಳಿದು ನೋಡುತ್ತೇನೆ.

ಮೂರನೆಯದು ಮೊಬೈಲ್ ನಕಾಶೆ ತೋರಿಸುವ ಹತ್ತಿರದ ದಾರಿ. ಅದಕ್ಕೆ ಹೊಲದ ಬಂಡಿದಾರಿಯೂ ರಸ್ತೆಯೇ. ಕವಲಿನಲ್ಲಿ ಸಂದೇಹ ಬಂದರೆ ಚಹಾದ ಅಂಗಡಿಯಲ್ಲಿ ಕೇಳಿ.

ಸಂಜೆ ಹೊರಟು ರಾತ್ರಿ ತಲುಪಬಹುದೇ?

ಕಬ್ಬು ನುರಿಸುವ ಕಾಲದಲ್ಲಿ ಖಂಡಿತ ಬೇಡ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಸಾಗುತ್ತಿರುತ್ತವೆ. ಕತ್ತಲಲ್ಲಿ ಕಬ್ಬಿನ ಹೊರೆಗೂ ಬೇಲಿಗೂ ವ್ಯತ್ಯಾಸ ಕಾಣುವುದಿಲ್ಲ, ಅದು ಚಲಿಸುತ್ತಿದೆ ಎಂದು ತಿಳಿಯುವಾಗ ತಡವಾಗಿರುತ್ತದೆ. ಸೂರ್ಯ ಮುಳುಗುವ ಮೊದಲು ಬಿಡಾರ ಸೇರುವುದೆಂದು ನಿಯಮ ಹಾಕಿಕೊಳ್ಳಿ.

ಊಟಕ್ಕೆ ಏನು ಸಿಗುತ್ತದೆ?

ಬಾದಾಮಿಯಲ್ಲಿ ಹೋಟೆಲುಗಳಿವೆ, ಖಾನಾವಳಿಗಳಿವೆ. ಆದರೆ ನಾನು ಹೇಳುವುದು ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಹೊತ್ತು ಬರುವ ತಾಯಂದಿರ ಊಟ. ಖಡಕ್ ರೊಟ್ಟಿ, ಕಾಳುಪಲ್ಲೆ, ಎಣ್ಣೆಗಾಯಿ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಪುಟ್ಟ ಕುಡಿಕೆಯಲ್ಲಿ ಗಟ್ಟಿ ಮೊಸರು. ಗುಡಿಯೆದುರಿನ ಹರಿದ್ರಾತೀರ್ಥ ಎಂಬ ಕೊಳದ ಕಲ್ಲಿನ ಮಂಟಪದ ನೆರಳಿನಲ್ಲಿ ಕುಳಿತು ಉಣ್ಣಬಹುದು. ಚಟ್ನಿಯನ್ನು ಮೊದಲು ಬೆರಳ ತುದಿಯಲ್ಲಿ ರುಚಿ ನೋಡಿ ಆಮೇಲೆ ಹಾಕಿಸಿಕೊಳ್ಳಿ. ಐಹೊಳೆಯ ದಿನ ಮಾತ್ರ ಬುತ್ತಿ, ನೀರು ಜೊತೆಗಿರಲಿ.

## ನೋಡುವುದು ಹೇಗೆ

ನಾಲ್ಕು ಗುಡಿ ನೋಡುವಷ್ಟರಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾವ ಕ್ರಮದಲ್ಲಿ ನೋಡಿದರೆ ಅರ್ಥವಾಗುತ್ತದೆ?

ಪಟ್ಟದಕಲ್ಲನ್ನು ಮೊದಲು ನೋಡಿಬಿಡುವುದೇ ಸಾಮಾನ್ಯ ತಪ್ಪು. ಅದು ಕೊನೆಯ ಪಾಠ, 8ನೇ ಶತಮಾನದ ಕೆಲಸ. ಬಾದಾಮಿಯಿಂದ ಶುರು ಮಾಡಿ, ಅಲ್ಲಿ ಶಿಲ್ಪಿಗಳು ಬೆಟ್ಟವನ್ನು ಒಳಗಿನಿಂದ ಕೊರೆದರು. ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ. ಅಲ್ಲಿಯೇ ಇರುವ ಚಾಲುಕ್ಯ ದೊರೆ ಮಂಗಳೇಶನ ಕನ್ನಡ ಬರಹ ಆ ಗುಹೆಯನ್ನು ‘ಕಲ್ಮನೆ’ ಎಂದು ಕರೆದಿದೆ. ಗುಹಾಲಯ, ಶಿಲಾಲಯ ಎಂದು ನಾವು ಈಗ ಹೆಣಗುವ ಪದಗಳಿಗಿಂತ ಎಷ್ಟು ಸಲೀಸಾಗಿದೆ!

ಎರಡನೆಯದು ಐಹೊಳೆ. ಅಲ್ಲಿ ಕಲ್ಲನ್ನು ಕಡಿದು ತಂದು ಜೋಡಿಸುವ ಪ್ರಯತ್ನಗಳು ಕಾಣುತ್ತವೆ. ಲಾಡ್‌ಖಾನ್ ಗುಡಿಯ ಚಾವಣಿಯನ್ನು ಗಮನಿಸಿ: ಚಪ್ಪಡಿಗಳ ಸಂದಿನ ಮೇಲೆ ಮರದ ತೊಲೆಯಂಥ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಕೈಗೆ ಸಿಕ್ಕದ್ದು ಕಲ್ಲು, ಮನಸ್ಸಿನಲ್ಲಿದ್ದದ್ದು ಮರ. ಒಂದು ಕಾಲದಲ್ಲಿ ಅದರಲ್ಲಿ ವಾಸವಿದ್ದವನ ಹೆಸರೇ ಗುಡಿಗೆ ಉಳಿದಿದೆ. ಪಕ್ಕದ ದುರ್ಗ ಗುಡಿ ಹಿಂಬದಿಯಲ್ಲಿ ಕಮಾನಿನಂತೆ ದುಂಡಗಿದೆ. ದುರ್ಗ ಎಂದರೆ ಇಲ್ಲಿ ದೇವಿಯಲ್ಲ, ಕೋಟೆ.

ಆಮೇಲೆ ಪಟ್ಟದಕಲ್ಲಿಗೆ ಬಂದರೆ ಕಣ್ಣು ತಾನೇ ಓದುತ್ತದೆ. ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥಗಳ ಶಿಖರ ಬಾಗುತ್ತ ಮೇಲೇರುವ ಉತ್ತರದ ನಾಗರ ರೀತಿಯದು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನಗಳದು ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ರೀತಿ. ಎರಡೂ ಒಂದೇ ಹುಲ್ಲುಹಾಸಿನ ಮೇಲೆ ಅಕ್ಕಪಕ್ಕ ನಿಂತಿವೆ. ಯುನೆಸ್ಕೊ 1987ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲು ಮುಖ್ಯ ಕಾರಣ ಈ ಕೂಡುವಿಕೆಯೇ.

ಪಟ್ಟದಕಲ್ಲಿಗೆ ಹೋಗಿ ಬಂದೆವು. ಹೊಳೆ ಕಾಣಲೇ ಇಲ್ಲವಲ್ಲ?

ಗೇಟಿನಿಂದ ಬಂದವರು ಗುಡಿಗಳನ್ನು ಬೆನ್ನಿನ ಕಡೆಯಿಂದ ನೋಡಿ, ಫೋಟೊ ತೆಗೆದು, ಬಂದ ದಾರಿಯಲ್ಲೇ ಮರಳುತ್ತಾರೆ. ಗುಡಿಗಳು ಪೂರ್ವಕ್ಕೆ, ಹೊಳೆಯ ಕಡೆಗೆ ಮುಖ ಮಾಡಿವೆ. ವಿರೂಪಾಕ್ಷದ ನಂದಿಮಂಟಪವನ್ನೂ ಪೂರ್ವದ ಬಾಗಿಲನ್ನೂ ದಾಟಿ ಮುಂದಕ್ಕೆ ಹೋದರೆ ಮಲಪ್ರಭೆ. ಪೂರ್ವಕ್ಕೆ ಹರಿಯುತ್ತ ಬಂದ ನದಿ ಇಲ್ಲಿ ಉತ್ತರಕ್ಕೆ ಹೊರಳುತ್ತದೆ. ಉತ್ತರವಾಹಿನಿ ಎಂದರೆ ಪುಣ್ಯದ ನೀರು. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟುತ್ತಿದ್ದ ಜಾಗ ಇದೇ ಆದದ್ದು ಸುಮ್ಮನೆ ಅಲ್ಲ.

ಆ ಬಾಗಿಲಿನಲ್ಲಿ ಒಂದು ಶಾಸನವಿದೆ. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಈ ಗುಡಿ ಕಟ್ಟಿಸಿದಳು; ಕಟ್ಟಿದವನು ಗುಂಡ ಅನಿವಾರಿತಾಚಾರಿ. ಕಟ್ಟಿಸಿದವರ ಹೆಸರು ಎಲ್ಲೆಡೆ ಸಿಗುತ್ತದೆ, ಕಟ್ಟಿದವನ ಹೆಸರು ಹೀಗೆ ಬಾಗಿಲಲ್ಲೇ ಸಿಗುವುದು ಅಪರೂಪ. ಮುಂಜಾನೆಯ ಬಿಸಿಲು ನೇರವಾಗಿ ಈ ಮುಖಕ್ಕೆ ಬೀಳುತ್ತದೆ, ಆದ್ದರಿಂದ ಪಟ್ಟದಕಲ್ಲಿಗೆ ಬೆಳಗ್ಗೆಯೇ ಹೋಗಿ. ಹೊಳೆಯ ಬದಿಯಲ್ಲೇ ಸ್ವಲ್ಪ ದೂರ ನಡೆದರೆ ಪಾಪನಾಥ ಗುಡಿ. ಅದರ ಹೊರಗೋಡೆಯಲ್ಲಿ ರಾಮಾಯಣದ ಸಾಲು ಚಿತ್ರಗಳಿವೆ. ಹತ್ತರಲ್ಲಿ ಒಂಬತ್ತು ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಬಾದಾಮಿಯಲ್ಲಿ ಗುಹೆ ನೋಡಿ ಆಯಿತು. ಇನ್ನೇನಿದೆ?

ಕೆರೆಯ ಸುತ್ತ ಇನ್ನೂ ಅರ್ಧ ಬಾದಾಮಿ ಉಳಿದಿದೆ. ಅಗಸ್ತ್ಯತೀರ್ಥದ ಉತ್ತರಕ್ಕೆ ವಸ್ತುಸಂಗ್ರಹಾಲಯ. ಶುಕ್ರವಾರ ರಜೆ, ಐಹೊಳೆಯ ಸಂಗ್ರಹಾಲಯಕ್ಕೂ ಅಷ್ಟೇ. ಅದರ ಪಕ್ಕದಿಂದಲೇ ಎರಡು ಬಂಡೆಗಳ ನಡುವಿನ ಸೀಳಿನಲ್ಲಿ ಬೆಟ್ಟ ಹತ್ತುವ ದಾರಿ, ಮೇಲೆ ಶಿವಾಲಯಗಳು. 543ರಲ್ಲಿ ಒಂದನೆಯ ಪುಲಕೇಶಿ ಈ ಬೆಟ್ಟವನ್ನು ಕೋಟೆ ಮಾಡಿದ. ಅದರ ಶಾಸನ ಇಲ್ಲಿನ ಬಂಡೆಯೊಂದರ ಮೇಲಿದೆ.

ಕೆರೆಯ ಪೂರ್ವದ ತುದಿಯಲ್ಲಿ ಭೂತನಾಥ ಗುಡಿ. ಸಂಜೆ ಐದರ ಹೊತ್ತಿಗೆ ಅಲ್ಲಿ ಕುಳಿತಿರಬೇಕು. ಇಳಿಬಿಸಿಲು ನೀರಿನ ಮೇಲಿಂದ ಬಂದು ಬಂಡೆಗೆ ತಾಗಿದಾಗ ಕಲ್ಲು ಇಟ್ಟಿಗೆ ಬಣ್ಣದಿಂದ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಈಚೆ ದಡದಲ್ಲಿ ಬಟ್ಟೆ ಒಗೆಯುವ ಸದ್ದು ಎದುರಿನ ಬೆಟ್ಟಕ್ಕೆ ಬಡಿದು ಎರಡೆರಡು ಸಲ ಕೇಳುತ್ತದೆ.

ಇನ್ನೂ ಒಂದಿದೆ, ಕನ್ನಡಿಗರು ಬಿಡಬಾರದ್ದು. ತಟ್ಟುಕೋಟೆಯ ಕಡೆಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ತ್ರಿಪದಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದರಿಂದಲೇ. ಅದನ್ನು ಹುಡುಕಿಕೊಂಡು ಹೋಗುವವರು ಕಡಿಮೆ, ಸ್ಥಳೀಯರೊಬ್ಬರನ್ನು ಕೇಳಿಕೊಂಡು ಹೋಗಿ.

ವಯಸ್ಸಾದವರನ್ನು ಕರೆತರಬಹುದೇ? ಮಂಗಗಳ ಕಾಟವಿದೆಯಂತೆ?

ಪಟ್ಟದಕಲ್ಲು ಸಮತಟ್ಟು, ಹಿರಿಯರಿಗೆ ಅನುಕೂಲ. ಮಹಾಕೂಟವೂ ಹಾಗೆಯೇ, ಮರಗಳ ನೆರಳು, ತಣ್ಣನೆಯ ಪುಷ್ಕರಣಿ. ಬಾದಾಮಿಯಲ್ಲಿ ಮೊದಲ ಗುಹೆಗೆ ಹತ್ತಿದರೂ ಸಾಕು, ಹದಿನೆಂಟು ಕೈಗಳ ನಟರಾಜ ಅಲ್ಲೇ ಇದ್ದಾನೆ. ಮಂಗಗಳು ಗುಹೆಯ ಮೆಟ್ಟಿಲುಗಳಲ್ಲಿ ಕಾದಿರುತ್ತವೆ. ಕೈಯಲ್ಲಿ ತಿಂಡಿಯ ಪೊಟ್ಟಣ, ಪ್ಲಾಸ್ಟಿಕ್ ಚೀಲ ಬೇಡ.

ಐಹೊಳೆಯ ಮೇಗುತಿ ಗುಡ್ಡ ಹತ್ತಬೇಕೇ? ಗುಡಿ ಅರ್ಧ ಬಿದ್ದಿದೆ ಎಂದರು.

ಬಿದ್ದ ಗುಡಿಯ ಗೋಡೆಯಲ್ಲಿ 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷವರ್ಧನನನ್ನು ತಡೆದ ಸಂಗತಿ ನಮಗೆ ತಿಳಿದಿರುವುದು ಬಹುಮಟ್ಟಿಗೆ ಇದರಿಂದ. ಬರೆದ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. ಕವಿಗೆ ಸಂಕೋಚವಿರಲಿಲ್ಲ, ಆದರೆ ಕಾಳಿದಾಸನ ಕಾಲವನ್ನು ಗುರುತಿಸುವವರಿಗೆ ಆ ಸಾಲೇ ಈಗ ಊರುಗೋಲು. ಗುಡ್ಡದ ಮೇಲೆ ಇದಕ್ಕಿಂತ ಎಷ್ಟೋ ಹಳೆಯ ಬೃಹತ್ ಶಿಲಾಸಮಾಧಿಗಳೂ ಇವೆ. ಮೇಲಿಂದ ಊರು, ಗುಡಿಗಳು, ಹೊಳೆಯ ತಿರುವು ಒಟ್ಟಿಗೆ ಕಾಣುತ್ತವೆ. ಹತ್ತಿ.

## ಒಮ್ಮೆ ಬಂದು ಹೋದವರಿಗೆ

ನದಿ ಹುಟ್ಟುವಲ್ಲಿಂದ ಸಂಗಮದವರೆಗೆ ಹೋಗುವ ಆಸೆ. ಯೋಜನೆ ಹೇಗೆ ಹಾಕಲಿ?

ಐದು ದಿನ ಇಟ್ಟುಕೊಳ್ಳಿ. ನೀರಿನ ಜೊತೆಗೇ, ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ಬೆಳಗಾವಿಯಿಂದ ಜಾಂಬೋಟಿ ಮೇಲೆ ಚೋರ್ಲಾ ಘಾಟಿನ ದಾರಿಯಲ್ಲಿ ಕಣಕುಂಬಿ. ದಟ್ಟ ಕಾಡು, ಗುಡಿಯ ಬಳಿ ನದಿಯ ಉಗಮ. ಅಲ್ಲಿಂದ ಖಾನಾಪುರಕ್ಕೆ ಇಳಿದು, ಕದಂಬರ ಹಲಸಿಗೆ ಹೋಗಿ. ಅಲ್ಲಿನ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ.

ಎರಡನೆಯ ದಿನ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ, ಆಮೇಲೆ ಕಿತ್ತೂರು ಕೋಟೆ, ಎಂ.ಕೆ. (ಮುಗುಟಖಾನ) ಹುಬ್ಬಳ್ಳಿಯಲ್ಲಿ ಹೊಳೆಯೊಳಗಿನ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ. ಮೂರನೆಯ ದಿನ ಸವದತ್ತಿ. ನದಿ ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಜಾಗ ನವಿಲುತೀರ್ಥ. ಆ ಸೀಳಿಗೇ ಅಣೆಕಟ್ಟು ಹಾಕಿದ್ದಾರೆ. ಅಲ್ಲಿಂದ ರಾಮದುರ್ಗದ ಮೇಲೆ ಬಾದಾಮಿ. ಉಳಿದ ಎರಡು ದಿನಗಳಿಗೆ ಕೆಳಗಿನ ಕಣಿವೆ.

ಹೀಗೆ ಬಂದರೆ ಬೇರೆಡೆ ಸಿಗದ ಒಂದು ನೋಟ ಸಿಗುತ್ತದೆ. ಹಸಿರು ಕಾಡು, ಆಮೇಲೆ ಕಬ್ಬು, ಆಮೇಲೆ ಎರೆ ಹೊಲ, ಕೊನೆಗೆ ಕೆಂಪು ಬಂಡೆ. ನೆಲದ ಬಣ್ಣ ಎಲ್ಲಿ ಬದಲಾಯಿತು ಎಂದು ಕಾರಿನ ಕಿಟಕಿಯಿಂದ ಬೆರಳಿಟ್ಟು ತೋರಿಸಬಹುದು.

ಆಗಸ್ಟ್‌ನಲ್ಲಿ ಕೋಣೆ ಕಾದಿರಿಸಿದ್ದೇವೆ. ಬಾದಾಮಿಯಲ್ಲಿ ಮಳೆಯೇ ಇಲ್ಲ ಎನ್ನುತ್ತಾರೆ, ಪ್ರವಾಹದ ಭಯವೇಕೆ?

ಬಾದಾಮಿಯ ಆಕಾಶ ನೋಡಿ ಮಲಪ್ರಭೆಯನ್ನು ಅಳೆಯಬೇಡಿ. ಕೆಳಗೆ ಒಂದು ಹನಿ ಬೀಳದಿದ್ದರೂ ಖಾನಾಪುರದ ಕಾಡಿನಲ್ಲಿ ವಾರವಿಡೀ ಸುರಿದಿರುತ್ತದೆ. ನವಿಲುತೀರ್ಥದ ಜಲಾಶಯ ತುಂಬಿ ನೀರು ಬಿಟ್ಟರೆ, ಅದರೊಂದಿಗೆ ಮಲಪ್ರಭೆಯನ್ನು ಸೇರುವ ಬೆಣ್ಣೆಹಳ್ಳವೂ ಉಕ್ಕಿದರೆ, ತಗ್ಗಿನ ಸೇತುವೆಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ಹೊಳೆ ನುಗ್ಗಿತ್ತು. ಹೊರಡುವ ಹಿಂದಿನ ದಿನ ನವಿಲುತೀರ್ಥದ ಹೊರಹರಿವಿನ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ. ಸೇತುವೆಯ ಮೇಲೆ ನೀರಿದ್ದರೆ, ಎದುರಿನ ಬೈಕಿನವನು ದಾಟಿದರೂ ನೀವು ದಾಟಬೇಡಿ. ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಕಾಣುವುದಿಲ್ಲ.

ಕೂಡಲಸಂಗಮದಲ್ಲಿ ಎರಡು ನದಿ ಸೇರುವುದು ಕಣ್ಣಿಗೆ ಕಾಣುತ್ತದೆಯೇ?

ಬಣ್ಣ ಬೇರೆ ಬೇರೆಯಾದ ಎರಡು ಹೊಳೆಗಳು ಬಂದು ಬೆರೆಯುವ ನೋಟವನ್ನು ನಿರೀಕ್ಷಿಸಬೇಡಿ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅಲ್ಲಿಯವರೆಗೂ ನಿಲ್ಲುವುದರಿಂದ ಕಾಣುವುದು ವಿಶಾಲವಾದ, ಅಲುಗದ ನೀರು. ಇದರಲ್ಲಿ ಮಲಪ್ರಭೆ ಯಾವುದು, ಕೃಷ್ಣೆ ಯಾವುದು ಎಂದು ಹೇಳಲು ಬರುವುದಿಲ್ಲ.

ಹಾಗೆಂದು ಬಿಡಬೇಡಿ. ಸಂಗಮೇಶ್ವರ ಗುಡಿ ನೋಡಿದ ಮೇಲೆ ಬಸವಣ್ಣನವರ ಐಕ್ಯಮಂಟಪಕ್ಕೆ ಹೋಗಿ. ಹಿನ್ನೀರಿನಲ್ಲಿ ಮುಳುಗಬಾರದೆಂದು ಅದರ ಸುತ್ತ ಬಾವಿಯಂತೆ ದುಂಡನೆಯ ಗೋಡೆ ಎಬ್ಬಿಸಿದ್ದಾರೆ. ಸೇತುವೆಯ ಮೇಲೆ ನಡೆದು, ಆ ಬಾವಿಯೊಳಗೆ ಸುತ್ತು ಮೆಟ್ಟಿಲು ಇಳಿಯಬೇಕು. ಇಳಿದಂತೆ ಗಾಳಿ ತಣ್ಣಗಾಗುತ್ತದೆ, ಮಾತು ತಾನಾಗಿ ತಗ್ಗುತ್ತದೆ. ತಳದಲ್ಲಿ ಪುಟ್ಟ ಕಲ್ಲಿನ ಮಂಟಪ, ಒಳಗೆ ಲಿಂಗ. ಜಲಾಶಯ ತುಂಬಿದ ದಿನಗಳಲ್ಲಿ ನೀವು ಕೈಯಿಟ್ಟ ಗೋಡೆಯ ಆಚೆಗೆ, ನಿಮ್ಮ ತಲೆಗಿಂತ ಎತ್ತರದಲ್ಲಿ, ಕಣಕುಂಬಿಯಿಂದ ಬಂದ ನೀರು ನಿಂತಿರುತ್ತದೆ.